ರಾತ್ರಿಯಾಕಾಶದ ಛಾಯಾಚಿತ್ರದಲ್ಲಿ ನಕ್ಷತ್ರ, ಗ್ರಹ, ನೀಹಾರಿಕೆಗಳನ್ನು ಗುರುತಿಸುವ ಬಗೆ: ಸಮಗ್ರ ಮಾರ್ಗದರ್ಶಿ

ಟ್ರೈಪಾಡಿನ ಮೇಲೆ ಕ್ಯಾಮೆರಾ ಇಟ್ಟು, ಇಪ್ಪತ್ತು ಸೆಕೆಂಡು ಎಕ್ಸ್‌ಪೋಶರ್ ಕೊಟ್ಟು ತೆಗೆದ ಆಕಾಶದ ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆದಾಗ ಎದುರಾಗುವ ಮೊದಲ ತೊಡಕು ಅಲ್ಲಿರುವ ನಕ್ಷತ್ರಗಳ ಅತಿಯಾದ ಸಂಖ್ಯೆ. ಒಳ್ಳೆಯ ಕತ್ತಲಿನಲ್ಲಿ ಬರಿಗಣ್ಣು ಆರನೆಯ ಕಾಂತಿಮಾನದವರೆಗೆ ಮಾತ್ರ ನೋಡಬಲ್ಲದು (ಕಾಂತಿಮಾನವೆಂದರೆ ಹೊಳಪಿನ ಅಳತೆ, ಅಂಕಿ ಹೆಚ್ಚಾದಷ್ಟೂ ನಕ್ಷತ್ರ ಮಸುಕು). ಸಾಧಾರಣ ಕ್ಯಾಮೆರಾ ಅದಕ್ಕಿಂತ ಎಷ್ಟೋ ಮಸುಕಾದ ಚುಕ್ಕೆಗಳನ್ನೂ ಹಿಡಿದಿಡುತ್ತದೆ. ಹಾಗಾಗಿ ಅಂಗಳದಲ್ಲಿ ನಿಂತು ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜವನ್ನು ಸಲೀಸಾಗಿ ತೋರಿಸಬಲ್ಲವರು ಕೂಡ ಅದೇ ಮಹಾವ್ಯಾಧನ ಚಿತ್ರದ ಮುಂದೆ ತಡವರಿಸುತ್ತಾರೆ. ಇದಕ್ಕೆ ಪರಿಹಾರವೆಂದರೆ ಚಿತ್ರವನ್ನು ಒಂದು ಅಳತೆಯ ದಾಖಲೆಯಾಗಿ ಓದುವುದು. ನಕ್ಷತ್ರಕ್ಕೆ ಹೆಸರು ಕೊಡಬೇಕಾದುದು ನೆರೆಯ ನಕ್ಷತ್ರಗಳಿಂದ ಅದು ಎಷ್ಟು ದೂರದಲ್ಲಿ, ಯಾವ ದಿಕ್ಕಿನಲ್ಲಿ ಇದೆ ಎಂಬುದರ ಆಧಾರದಿಂದ; ಹೊಳಪು ಮತ್ತು ಬಣ್ಣಗಳನ್ನು ಪೋಷಕ ಸಾಕ್ಷ್ಯವಾಗಿ ಮಾತ್ರ ಬಳಸಬೇಕು. ಮುಂದಿನ ಹೆಜ್ಜೆಗಳೆಲ್ಲ ಈ ಒಂದು ನಿಯಮವನ್ನು ಅನುಸರಿಸುತ್ತವೆ.

ಮೊದಲ ಹೆಜ್ಜೆ: ಸಮಯ, ಸ್ಥಳ, ಲೆನ್ಸ್

ಡಿಜಿಟಲ್ ಕ್ಯಾಮೆರಾ ಮತ್ತು ಫೋನುಗಳು ಪ್ರತಿ ಚಿತ್ರದ ಜೊತೆ ಎಕ್ಸಿಫ್ ಎಂಬ ಮಾಹಿತಿಯನ್ನು ಸೇರಿಸಿಡುತ್ತವೆ. ಚಿತ್ರ ತೆಗೆದ ದಿನ, ಗಂಟೆ, ಲೆನ್ಸಿನ ಫೋಕಲ್ ಲೆಂತ್, ಎಕ್ಸ್‌ಪೋಶರ್ ಅವಧಿ ಮತ್ತು ಲೊಕೇಶನ್ ಚಾಲೂ ಇದ್ದರೆ ಅಕ್ಷಾಂಶ ರೇಖಾಂಶಗಳೂ ಅದರಲ್ಲಿ ಇರುತ್ತವೆ. ಕೆಲಸ ಆರಂಭಿಸುವ ಮೊದಲು ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ವಾಟ್ಸ್‌ಆ್ಯಪ್ ಮೂಲಕ ಫೋಟೋ ಆಗಿ ಬಂದ ಚಿತ್ರದಲ್ಲಿ ಈ ಮಾಹಿತಿ ಉಳಿದಿರುವುದಿಲ್ಲ, ಚಿತ್ರದ ಗಾತ್ರವೂ ಕುಗ್ಗಿರುತ್ತದೆ. ಆದ್ದರಿಂದ ಬೇರೆಯವರ ಚಿತ್ರವನ್ನು ಪರಿಶೀಲಿಸುವಾಗ ಮೂಲ ಕಡತವನ್ನೇ ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸುವಂತೆ ಕೇಳುವುದು ಒಳ್ಳೆಯದು.

ಕ್ಯಾಮೆರಾದ ಗಡಿಯಾರವನ್ನು ಪೂರ್ತಿ ನಂಬಬಾರದು. ಆಕಾಶ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿಯಷ್ಟು ತಿರುಗುತ್ತದೆ, ಆದ್ದರಿಂದ ಹತ್ತು ನಿಮಿಷದ ತಪ್ಪಿನಿಂದ ದೊಡ್ಡ ಹಾನಿಯಿಲ್ಲ. ಆದರೆ ಬೆಳಗು ರಾತ್ರಿಗಳು ಅದಲು ಬದಲಾಗಿದ್ದರೆ ಅಥವಾ ತಿಂಗಳೇ ತಪ್ಪಾಗಿದ್ದರೆ ಸಂಪೂರ್ಣ ಬೇರೆ ಆಕಾಶವನ್ನು ಹುಡುಕುತ್ತ ಕೂರಬೇಕಾಗುತ್ತದೆ. ವಿದೇಶದಲ್ಲಿ ನೆಲೆಸಿರುವವರ ಕ್ಯಾಮೆರಾ ಎಷ್ಟೋ ಸಲ ಭಾರತದ ಸಮಯವನ್ನೇ ತೋರಿಸುತ್ತಿರುತ್ತದೆ, ಆಗ ಸ್ಥಳೀಯ ಸಮಯಕ್ಕೆ ಹೊಂದಿಸಿಕೊಳ್ಳಲು ಮರೆಯಬಾರದು. ಆಸ್ಟ್ರೇಲಿಯಾದಿಂದ ಬಂದ ಚಿತ್ರವಾದರೆ ಇನ್ನೊಂದು ಸಂಗತಿಯನ್ನೂ ನೆನಪಿಡಬೇಕು: ಅಲ್ಲಿ ಮಹಾವ್ಯಾಧ ಉತ್ತರದ ಆಕಾಶದಲ್ಲಿ ತಲೆಕೆಳಗಾಗಿ ಕಾಣುತ್ತಾನೆ, ಅವನ ಕಾಲಿನ ನಕ್ಷತ್ರ ರೈಜೆಲ್ ಮೇಲೆ ಮತ್ತು ಭುಜದ ನಕ್ಷತ್ರ ಆರ್ದ್ರಾ ಕೆಳಗೆ ಇರುತ್ತವೆ.

ಎರಡನೆಯ ಹೆಜ್ಜೆ: ದಿಕ್ಕು ಮತ್ತು ವ್ಯಾಪ್ತಿ

ಚಿತ್ರದಲ್ಲಿ ದಿಗಂತ ಇದ್ದರೆ ಅದು ದೊಡ್ಡ ಅನುಕೂಲ. ಪರಿಚಿತ ಬೆಟ್ಟ, ದೇವಸ್ಥಾನದ ಗೋಪುರ, ಮೊಬೈಲ್ ಟವರ್, ದೂರದ ಪಟ್ಟಣದ ಬೆಳಕಿನ ಹೊಗರು, ಇವುಗಳಲ್ಲಿ ಯಾವುದಾದರೊಂದನ್ನು ಭೂಪಟದಲ್ಲಿ ಗುರುತಿಸಿದರೆ ಕ್ಯಾಮೆರಾ ಯಾವ ಕಡೆಗೆ ಮುಖ ಮಾಡಿತ್ತು ಎಂಬುದು ತಿಳಿಯುತ್ತದೆ. ದಕ್ಷಿಣಕ್ಕೆ ತೆಗೆದ ಚಿತ್ರದಲ್ಲಿ ಪೂರ್ವ ಎಡಗಡೆ, ಉತ್ತರಕ್ಕೆ ತೆಗೆದ ಚಿತ್ರದಲ್ಲಿ ಪೂರ್ವ ಬಲಗಡೆ ಇರುತ್ತದೆ. ಉತ್ತರದ ಚಿತ್ರದಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಸುಮಾರಾಗಿ ಆ ಊರಿನ ಅಕ್ಷಾಂಶದಷ್ಟೇ ಎತ್ತರದಲ್ಲಿರುತ್ತದೆ: ಬೆಂಗಳೂರಿನಲ್ಲಿ 13 ಡಿಗ್ರಿ, ಬೀದರಿನಲ್ಲಿ 18 ಡಿಗ್ರಿ. ನಮ್ಮ ರಾಜ್ಯದಲ್ಲಿ ಧ್ರುವ ಇಷ್ಟು ತಗ್ಗಿನಲ್ಲಿ ಇರುವುದರಿಂದ, ಮರದ ಸಾಲೊಂದು ಅದನ್ನು ಸುಲಭವಾಗಿ ಮುಚ್ಚಿಬಿಡುತ್ತದೆ.

ಅನಂತರ ಚಿತ್ರ ಆಕಾಶದ ಎಷ್ಟು ಭಾಗವನ್ನು ಒಳಗೊಂಡಿದೆ ಎಂಬುದನ್ನು ಲೆಕ್ಕ ಹಾಕಬೇಕು. 36 ಮಿಲಿಮೀಟರ್ ಅಗಲದ ಫುಲ್ ಫ್ರೇಮ್ ಸೆನ್ಸರಿಗೆ 24 ಮಿ.ಮೀ. ಲೆನ್ಸ್ ಹಾಕಿದರೆ ಚಿತ್ರದ ಉದ್ದಬದಿ ಸುಮಾರು 74 ಡಿಗ್ರಿ, 50 ಮಿ.ಮೀ. ಲೆನ್ಸಿಗೆ ಸುಮಾರು 40 ಡಿಗ್ರಿ, 200 ಮಿ.ಮೀ. ಲೆನ್ಸಿಗೆ ಸುಮಾರು 10 ಡಿಗ್ರಿ. ಕ್ರಾಪ್ ಸೆನ್ಸರಿನ, ಅಂದರೆ ಇದಕ್ಕಿಂತ ಚಿಕ್ಕ ಸೆನ್ಸರಿನ, ಕ್ಯಾಮೆರಾದ ಜೊತೆ ಬರುವ ಕಿಟ್ ಲೆನ್ಸ್ 18 ಮಿ.ಮೀ.ನಲ್ಲಿ ಸುಮಾರು 66 ಡಿಗ್ರಿ ತೋರಿಸುತ್ತದೆ, ಫೋನಿನ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ 70 ಡಿಗ್ರಿಯ ಆಸುಪಾಸು. ಈ ಅಂಕಿ ಕೈಯಲ್ಲಿದ್ದರೆ ಏನನ್ನು ಹುಡುಕಬೇಕು ಎಂಬುದರ ಗಾತ್ರ ಮನಸ್ಸಿಗೆ ಬರುತ್ತದೆ. ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳ ಉದ್ದ ಮೂರು ಡಿಗ್ರಿಗಿಂತ ಸ್ವಲ್ಪ ಕಡಿಮೆ, ಆರ್ದ್ರಾದಿಂದ ರೈಜೆಲ್‌ಗೆ ಸುಮಾರು 19 ಡಿಗ್ರಿ, ಸಪ್ತರ್ಷಿ ಮಂಡಲದ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 26 ಡಿಗ್ರಿ. 24 ಮಿ.ಮೀ. ಚಿತ್ರದಲ್ಲಿ ಅರ್ಧ ಚಿತ್ರವನ್ನು ತುಂಬಿಕೊಂಡ ಆಕೃತಿಯೊಂದನ್ನು ಸಪ್ತರ್ಷಿ ಎಂದು ತಿಳಿಯುವ ಪ್ರಮಾದ ಇಷ್ಟರಿಂದಲೇ ತಪ್ಪುತ್ತದೆ.

ಅಗಲ ಕೋನದ ಲೆನ್ಸುಗಳು ಅಂಚಿನ ಭಾಗವನ್ನು ಹಿಗ್ಗಿಸುತ್ತವೆ ಎಂಬುದನ್ನು ಇಲ್ಲಿಯೇ ಹೇಳಬೇಕು. 24 ಮಿ.ಮೀ. ಲೆನ್ಸಿನ ಉದ್ದಬದಿಯ ತುದಿಯಲ್ಲಿ ಒಂದು ಡಿಗ್ರಿ, ಚಿತ್ರದ ನಡುವಿನ ಒಂದು ಡಿಗ್ರಿಗಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು ಉದ್ದವಾಗಿ ಕಾಣುತ್ತದೆ. ಅಳತೆಗಳನ್ನು ಆದಷ್ಟು ಚಿತ್ರದ ನಡುಭಾಗದಲ್ಲಿಯೇ ಮಾಡುವುದು ಒಳ್ಳೆಯದು.

ಮೂರನೆಯ ಹೆಜ್ಜೆ: ಚುಕ್ಕೆಗಳ ಗುಂಪನ್ನು ತೆಳುಗೊಳಿಸುವುದು

ಮೂಲ ಚಿತ್ರದ ಒಂದು ಪ್ರತಿಯನ್ನು ಮಾಡಿಕೊಂಡು ಅದನ್ನು ನಾಲ್ಕನೇ ಒಂದು ಭಾಗಕ್ಕೆ ಕುಗ್ಗಿಸಿ, ಸ್ವಲ್ಪ ಬ್ಲರ್ ಮಾಡಿ, ಬ್ರೈಟ್‌ನೆಸ್ ತಗ್ಗಿಸಬೇಕು. ಮಸುಕಾದ ಚುಕ್ಕೆಗಳು ಹಿನ್ನೆಲೆಯಲ್ಲಿ ಕರಗಿ, ಬರಿಗಣ್ಣಿಗೆ ಕಾಣುವಂತಹ ಹತ್ತಿಪ್ಪತ್ತು ನಕ್ಷತ್ರಗಳು ಮಾತ್ರ ಉಳಿಯುವವರೆಗೆ ಹೀಗೆ ಮಾಡಬೇಕು. ನಕ್ಷತ್ರಪುಂಜಗಳ ಪರಿಚಿತ ಆಕೃತಿಗಳು ಆಗ ತಾವಾಗಿಯೇ ಎದ್ದು ಕಾಣುತ್ತವೆ. ಉಜ್ವಲ ನಕ್ಷತ್ರಗಳೆಲ್ಲ ಸೆನ್ಸರಿನಲ್ಲಿ ಒಂದೇ ಬಿಳುಪಿಗೆ ಏರಿ ನಿಲ್ಲುವುದರಿಂದ, ಚಿತ್ರದಲ್ಲಿ ಯಾವುದು ಹೆಚ್ಚು ಪ್ರಕಾಶಮಾನ ಎಂಬುದನ್ನು ಚುಕ್ಕೆಯ ಬಿಳುಪಿನಿಂದ ಅಳೆಯಲು ಬರುವುದಿಲ್ಲ. ಚುಕ್ಕೆಯ ಅಗಲದಿಂದ ಅಳೆಯಬೇಕು. ನಿಜವಾದ ಬಣ್ಣವೂ ಬಿಳುಪಾದ ನಡುವಿನಲ್ಲಿ ಇರದೆ, ಚುಕ್ಕೆಯ ಅಂಚಿನ ತೆಳು ಬಳೆಯಲ್ಲಿ ಉಳಿದಿರುತ್ತದೆ.

ನಾಲ್ಕನೆಯ ಹೆಜ್ಜೆ: ಲಂಗರು ನಕ್ಷತ್ರ ಮತ್ತು ತ್ರಿಕೋನ

ಗುರುತಿಸುವ ಕೆಲಸದ ತಿರುಳು ಇದೇ. ಮೊದಲು ಸಂಶಯವಿಲ್ಲದೆ ಹೇಳಬಹುದಾದ ಒಂದು ನಕ್ಷತ್ರ ಅಥವಾ ಆಕೃತಿಯನ್ನು ಲಂಗರಾಗಿ ಹಿಡಿಯಬೇಕು, ಅದರಿಂದ ಹೊರಕ್ಕೆ ಹೆಜ್ಜೆ ಇಡಬೇಕು, ಮತ್ತು ಪ್ರತಿ ಹೊಸ ಹೆಸರನ್ನೂ ಕನಿಷ್ಠ ಎರಡು ಗೊತ್ತಿರುವ ನಕ್ಷತ್ರಗಳಿಂದ ಅಳೆದು ಖಚಿತಪಡಿಸಿಕೊಳ್ಳಬೇಕು.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. ಫೆಬ್ರವರಿಯ ನಡುಭಾಗದಲ್ಲಿ, ರಾತ್ರಿ ಒಂಬತ್ತರ ಹೊತ್ತಿಗೆ, ಮಧ್ಯ ಕರ್ನಾಟಕದ ಯಾವುದೋ ಬಯಲಿನಿಂದ ದಕ್ಷಿಣಕ್ಕೆ ಮುಖ ಮಾಡಿ 24 ಮಿ.ಮೀ. ಲೆನ್ಸಿನಲ್ಲಿ ಕ್ಯಾಮೆರಾವನ್ನು ನಿಲುವಾಗಿ ಹಿಡಿದು ತೆಗೆದ ಚಿತ್ರ ನಮ್ಮ ಮುಂದಿದೆ ಎಂದುಕೊಳ್ಳಿ. ಕೆಳಗೆ ದಿಗಂತವಿದೆ, ಮೇಲಂಚು ದಿಗಂತದಿಂದ ಸುಮಾರು 70 ಡಿಗ್ರಿ ಎತ್ತರದಲ್ಲಿದೆ. ತೆಳುಗೊಳಿಸಿದ ಪ್ರತಿಯಲ್ಲಿ ಮೂರು ದೊಡ್ಡ ಚುಕ್ಕೆಗಳು ಉಳಿಯುತ್ತವೆ: ಮೇಲೆ ಎಡಗಡೆ ಒಂದು, ಮೇಲೆ ಬಲಗಡೆ ಒಂದು, ಕೆಳಗೆ ನಡುವಿನಲ್ಲಿ ಒಂದು. ಎಡಗಡೆಯದು ಮೂರರಲ್ಲಿ ಅತ್ಯಂತ ದೊಡ್ಡದು. ಈ ಹೊತ್ತಿನಲ್ಲಿ ದಕ್ಷಿಣದ ಆಕಾಶದಲ್ಲಿ ಅಷ್ಟು ಎತ್ತರದಲ್ಲಿ ಇರಬೇಕಾದುದು ಲುಬ್ಧಕ; ಅದರ ಕಾಂತಿಮಾನ ಮೈನಸ್ 1.46, ರಾತ್ರಿಯಾಕಾಶದ ನಕ್ಷತ್ರಗಳಲ್ಲೆಲ್ಲ ಅತಿ ಪ್ರಕಾಶಮಾನವಾದುದು. ಕೆಳಗಿನದು ಅಗಸ್ತ್ಯ ಮತ್ತು ಬಲಗಡೆಯದು ರೈಜೆಲ್ ಎಂದು ಊಹೆ ಮಾಡಬಹುದು, ಆದರೆ ಇದಿನ್ನೂ ಊಹೆ.

ಈಗ ಅಳೆಯಬೇಕು. ಆಕಾಶದಲ್ಲಿ ಲುಬ್ಧಕದಿಂದ ರೈಜೆಲ್‌ಗೆ ಸುಮಾರು 24 ಡಿಗ್ರಿ, ಲುಬ್ಧಕದಿಂದ ಅಗಸ್ತ್ಯಕ್ಕೆ 36 ಡಿಗ್ರಿ, ರೈಜೆಲ್‌ನಿಂದ ಅಗಸ್ತ್ಯಕ್ಕೆ 47 ಡಿಗ್ರಿ. 6,000 ಪಿಕ್ಸೆಲ್ ಉದ್ದದ ಚಿತ್ರವಾದರೆ ನಡುಭಾಗದಲ್ಲಿ ಒಂದು ಡಿಗ್ರಿಗೆ ಸುಮಾರು 70 ಪಿಕ್ಸೆಲ್ ಬರುತ್ತವೆ, ಅಂಚಿನತ್ತ ಇನ್ನೂ ಹೆಚ್ಚು. ಮೂರು ಬದಿಗಳ ಪ್ರಮಾಣ ಈ ಲೆಕ್ಕಕ್ಕೆ ಸ್ಥೂಲವಾಗಿ ಹೊಂದಿಕೊಂಡರೆ ಊಹೆಗೆ ಬಲ ಬಂತು. ಮುಂದೆ ಎತ್ತರವನ್ನು ನೋಡಬೇಕು: ಆ ಹೊತ್ತಿಗೆ ಅಗಸ್ತ್ಯ ಸರಿಸುಮಾರು ನೇರ ದಕ್ಷಿಣದಲ್ಲಿ, ದಿಗಂತದಿಂದ 23 ಡಿಗ್ರಿ ಮೇಲಿರುತ್ತದೆ. ಕೊನೆಗೆ ಸಣ್ಣ ಸಾಕ್ಷ್ಯಗಳು: ಲುಬ್ಧಕದ ಕೆಳಗೆ ಸುಮಾರು 12 ಡಿಗ್ರಿ ದೂರದಲ್ಲಿ ಅಧಾರಾ, ವೆಜೆನ್, ಅಲುದ್ರಾ ಎಂಬ ಮೂರು ನಕ್ಷತ್ರಗಳು ಚಿಕ್ಕದೊಂದು ತ್ರಿಕೋನವನ್ನು ಮಾಡುತ್ತವೆ, ಅದು ಲುಬ್ಧಕವಿರುವ ಮಹಾಶ್ವಾನ ಪುಂಜದ ಹಿಂಭಾಗ. ಇದೂ ಸಿಕ್ಕಿತೆಂದರೆ ಮೂರು ಹೆಸರುಗಳನ್ನೂ ಧೈರ್ಯವಾಗಿ ಬರೆಯಬಹುದು. ಕ್ಯಾಮೆರಾ ಸ್ವಲ್ಪ ಮೇಲಕ್ಕೆ ಬಾಗಿದ್ದು ನಡುಪಟ್ಟಿಯ ಮೂರು ನಕ್ಷತ್ರಗಳೂ ಸಿಕ್ಕಿದ್ದರೆ ಕೆಲಸ ಇನ್ನೂ ಸುಲಭ: ಆ ಗೆರೆಯನ್ನು ಆಗ್ನೇಯಕ್ಕೆ ಎಳೆದರೆ ಲುಬ್ಧಕ, ವಾಯವ್ಯಕ್ಕೆ ಎಳೆದರೆ ರೋಹಿಣಿ, ಅದರಿಂದಾಚೆ ಸುಮಾರು 14 ಡಿಗ್ರಿಯಲ್ಲಿ ಕೃತ್ತಿಕೆಯ ಗೊಂಚಲು.

ಬೇರೆ ಕಾಲಗಳಿಗೆ ಬೇರೆ ಲಂಗರುಗಳಿವೆ. ಮಾರ್ಚ್‌ನಿಂದ ಜೂನ್‌ವರೆಗೆ ಸಂಜೆಯ ಉತ್ತರಾಕಾಶದಲ್ಲಿ ಸಪ್ತರ್ಷಿ ಮಂಡಲ. ಅದರ ಬಾಲದ ಬಾಗನ್ನು ಮುಂದುವರಿಸಿದರೆ ಕಿತ್ತಳೆ ಛಾಯೆಯ ಸ್ವಾತಿ, ಅದೇ ಬಾಗಿನಲ್ಲಿ ಇನ್ನೂ ಮುಂದೆ ನೀಲಿಬಿಳುಪಿನ ಚಿತ್ತಾ. ಬಾಲದ ನಡುವಿನ ವಸಿಷ್ಠದ ಪಕ್ಕದಲ್ಲಿ 12 ಆರ್ಕ್‌ಮಿನಿಟ್ (ಡಿಗ್ರಿಯ ಅರವತ್ತನೇ ಒಂದು ಭಾಗಕ್ಕೆ ಒಂದು ಆರ್ಕ್‌ಮಿನಿಟ್) ಅಂತರದಲ್ಲಿರುವ ಅರುಂಧತಿ ಚಿತ್ರದ ಫೋಕಸ್ ಎಷ್ಟು ಚೊಕ್ಕವಾಗಿದೆ ಎಂಬುದಕ್ಕೂ ಪರೀಕ್ಷೆ. ಮೇ ತಿಂಗಳ ನಡುರಾತ್ರಿಯ ದಕ್ಷಿಣದಲ್ಲಿ ವೃಶ್ಚಿಕದ ಕೊಕ್ಕೆ ಮತ್ತು ಕೆಂಪಾದ ಜ್ಯೇಷ್ಠಾ ತಪ್ಪಲು ಸಾಧ್ಯವೇ ಇಲ್ಲದ ಗುರುತು.

ಇದೇ ದಕ್ಷಿಣದಲ್ಲಿ ಒಂದು ಹಳೆಯ ಗೊಂದಲವಿದೆ. ಮಾರ್ಚ್ ಏಪ್ರಿಲ್ ತಿಂಗಳ ಸಂಜೆ ತೆಗೆದ ಎಷ್ಟೋ ಚಿತ್ರಗಳಲ್ಲಿ ತ್ರಿಶಂಕು, ಅಂದರೆ ದಕ್ಷಿಣದ ಶಿಲುಬೆಯಾಕಾರದ ಪುಂಜ, ಎಂದು ಗುರುತು ಹಾಕಿರುವುದು ನಿಜವಾಗಿ ಹುಸಿ ಶಿಲುಬೆ. ಅದು ವೇಲಾ ಮತ್ತು ಕರೀನಾ ಪುಂಜಗಳ ನಾಲ್ಕು ನಕ್ಷತ್ರಗಳಿಂದಾದ ಆಕೃತಿ. ನಿಜವಾದ ತ್ರಿಶಂಕು ಅದಕ್ಕಿಂತ ಚಿಕ್ಕದು, ಹೆಚ್ಚು ಹೊಳಪಿನದು, ಮತ್ತು ಅದರ ಎಡಕ್ಕೆ, ಅಂದರೆ ಪೂರ್ವಕ್ಕೆ, ಕಿನ್ನರ ಪುಂಜದ ಎರಡು ಉಜ್ವಲ ನಕ್ಷತ್ರಗಳು ಅದರತ್ತ ಬೆರಳು ತೋರಿಸುವಂತೆ ನಿಂತಿರುತ್ತವೆ. ಹುಸಿ ಶಿಲುಬೆ ದಕ್ಷಿಣಕ್ಕೆ ಬಂದು ಹೋದ ಸುಮಾರು ಮೂರೂವರೆ ಗಂಟೆಯ ನಂತರ ತ್ರಿಶಂಕು ಅಲ್ಲಿಗೆ ಬರುತ್ತದೆ. ಹಾಗಾಗಿ ಗಡಿಯಾರವೊಂದೇ ಈ ಗೊಂದಲವನ್ನು ಬಗೆಹರಿಸಬಲ್ಲದು.

ಐದನೆಯ ಹೆಜ್ಜೆ: ಸ್ಟೆಲೇರಿಯಂ ಜೊತೆ ಹೋಲಿಕೆ

ಸ್ಟೆಲೇರಿಯಂ ಉಚಿತವಾಗಿ ಸಿಗುವ ತಾರಾಲಯ ತಂತ್ರಾಂಶ. ಮೊದಲ ಹೆಜ್ಜೆಯಲ್ಲಿ ಬರೆದಿಟ್ಟ ಸ್ಥಳ, ದಿನ ಮತ್ತು ಸಮಯವನ್ನು ಅದಕ್ಕೆ ಕೊಟ್ಟು, ಕ್ಯಾಮೆರಾ ನೋಡುತ್ತಿದ್ದ ದಿಕ್ಕಿಗೆ ತಿರುಗಿಸಬೇಕು. ಅದರ ಆಕ್ಯುಲರ್ಸ್ ಪ್ಲಗಿನ್‌ನಲ್ಲಿ ಸೆನ್ಸರಿನ ಅಳತೆ ಮತ್ತು ಫೋಕಲ್ ಲೆಂತ್ ತುಂಬಿದರೆ ಪರದೆಯ ಮೇಲೆ ನಿಮ್ಮ ಚಿತ್ರದಷ್ಟೇ ಗಾತ್ರದ ಚೌಕಟ್ಟು ಮೂಡುತ್ತದೆ. ಮಸುಕಾದ ನಕ್ಷತ್ರಗಳ ಸಂಖ್ಯೆಯನ್ನು ತಗ್ಗಿಸಿ, ಮೂರನೆಯ ಹೆಜ್ಜೆಯಲ್ಲಿ ತೆಳುಗೊಳಿಸಿದ ಪ್ರತಿಯ ಪಕ್ಕದಲ್ಲಿಟ್ಟು ನೋಡಬೇಕು. ಎರಡೂ ಹೊಂದಿದ ಮೇಲೆ ಸಂಖ್ಯೆಯನ್ನು ಹೆಚ್ಚಿಸುತ್ತ ಹೋದರೆ ಮಸುಕಾದ ಚುಕ್ಕೆಗಳಿಗೂ ಹೆಸರು ಅಥವಾ ಕ್ರಮಸಂಖ್ಯೆ ಸಿಗುತ್ತದೆ. ಚಿತ್ರ ಎಡಬಲ ತಿರುಗಿದೆಯೇ ಎಂಬುದನ್ನೂ ಇಲ್ಲಿಯೇ ನೋಡಿಕೊಳ್ಳಬೇಕು. ಡಯಾಗನಲ್ ಕನ್ನಡಿ ಹಾಕಿದ ದೂರದರ್ಶಕಕ್ಕೆ ಫೋನ್ ಹಿಡಿದು ತೆಗೆದ ಚಿತ್ರಗಳು ಸಾಮಾನ್ಯವಾಗಿ ಹಾಗಿರುತ್ತವೆ.

ಆರನೆಯ ಹೆಜ್ಜೆ: ಪ್ಲೇಟ್ ಸಾಲ್ವಿಂಗ್

ಸಮಯ, ಸ್ಥಳ, ಲೆನ್ಸ್ ಯಾವುದೂ ಗೊತ್ತಿಲ್ಲದ ಚಿತ್ರವನ್ನು ಕೂಡ ಗುರುತಿಸಬಲ್ಲ ಸಾಧನವೊಂದಿದೆ, ಅದು ಆಸ್ಟ್ರೋಮೆಟ್ರಿ ಡಾಟ್ ನೆಟ್ ಎಂಬ ಉಚಿತ ಸೇವೆ. ಚಿತ್ರ ಆಕಾಶದ ಯಾವ ಭಾಗದ್ದು ಎಂಬುದನ್ನು ತಂತ್ರಾಂಶವೇ ಹೀಗೆ ಕಂಡುಹಿಡಿಯುವುದಕ್ಕೆ ಪ್ಲೇಟ್ ಸಾಲ್ವಿಂಗ್ ಎಂದು ಹೆಸರು. ಇದರ ಕ್ರಮ ನಾಲ್ಕನೆಯ ಹೆಜ್ಜೆಯಲ್ಲಿ ನಾವು ಕೈಯಿಂದ ಮಾಡಿದ ಕೆಲಸಕ್ಕೆ ಬಹಳ ಹತ್ತಿರದ್ದು. ಅದು ಚಿತ್ರದಿಂದ ನಾಲ್ಕು ನಾಲ್ಕು ನಕ್ಷತ್ರಗಳನ್ನು ಆಯ್ದು, ಅತಿ ದೂರದ ಎರಡನ್ನು ಅಳತೆಗೋಲಾಗಿ ಇಟ್ಟುಕೊಂಡು, ಉಳಿದೆರಡರ ಸ್ಥಾನವನ್ನು ಅಂಕಿಗಳಲ್ಲಿ ಬರೆದು, ನಕ್ಷತ್ರಪಟ್ಟಿಗಳಿಂದ ಮೊದಲೇ ಸಿದ್ಧಪಡಿಸಿದ ಅಂಥದೇ ಅಂಕಿಗಳೊಂದಿಗೆ ಹೋಲಿಸುತ್ತದೆ. ಚಿತ್ರವನ್ನು ತಿರುಗಿಸಿದರೂ ಹಿಗ್ಗಿಸಿದರೂ ಈ ಅಂಕಿಗಳು ಬದಲಾಗುವುದಿಲ್ಲ. ಹೊಂದಿಕೆ ಸಿಕ್ಕಿದಂತೆ ತೋರಿದಾಗ ಚಿತ್ರದ ಉಳಿದ ನಕ್ಷತ್ರಗಳೂ ಎಣಿಸಿದ ಜಾಗದಲ್ಲಿ ಇವೆಯೇ ಎಂದು ಪರೀಕ್ಷಿಸಿಯೇ ಉತ್ತರ ಕೊಡುತ್ತದೆ.

ಚಿತ್ರವನ್ನು ಅಪ್‌ಲೋಡ್ ಮಾಡುವ ಮೊದಲು ನೆಲ, ಮರ, ಕಟ್ಟಡಗಳನ್ನು ಕತ್ತರಿಸಿ ಆಕಾಶವನ್ನು ಮಾತ್ರ ಉಳಿಸಬೇಕು. ಅಗಲ ಕೋನದ ಚಿತ್ರವಾದರೆ ಹಿಗ್ಗಿದ ಅಂಚುಗಳನ್ನು ಬಿಟ್ಟು ನಡುವಿನ ಮೂರನೇ ಒಂದು ಭಾಗವನ್ನು ಕೊಡುವುದು ಲೇಸು. ನಕ್ಷತ್ರಗಳು ಉದ್ದ ಗೆರೆಗಳಾಗಿ ಎಳೆದಿರುವ ಚಿತ್ರ ಇಲ್ಲಿ ಕೆಲಸಕ್ಕೆ ಬಾರದು. ಚಿತ್ರದ ಅಗಲ ಎಷ್ಟು ಡಿಗ್ರಿ ಎಂಬ ಅಂದಾಜನ್ನು ಕೊಟ್ಟರೆ ಹುಡುಕಾಟ ಬೇಗ ಮುಗಿಯುತ್ತದೆ. ಚಿತ್ರ ಸಾರ್ವಜನಿಕವಾಗಿ ಕಾಣಬಾರದು ಎಂದಿದ್ದರೆ ಆ ಆಯ್ಕೆಯನ್ನು ಕಳುಹಿಸುವಾಗಲೇ ಬದಲಿಸಿಕೊಳ್ಳಬೇಕು. ಉತ್ತರದಲ್ಲಿ ಚಿತ್ರದ ಕೇಂದ್ರದ ರೈಟ್ ಅಸೆನ್ಷನ್ ಮತ್ತು ಡೆಕ್ಲಿನೇಷನ್, ಅಂದರೆ ಭೂಮಿಯ ರೇಖಾಂಶ ಅಕ್ಷಾಂಶಗಳಿಗೆ ಸಮನಾದ ಆಕಾಶದ ನಿರ್ದೇಶಾಂಕಗಳು, ಜೊತೆಗೆ ಒಂದು ಪಿಕ್ಸೆಲಿಗೆ ಎಷ್ಟು ಆರ್ಕ್‌ಸೆಕೆಂಡ್ (ಆರ್ಕ್‌ಮಿನಿಟಿನ ಅರವತ್ತನೇ ಒಂದು ಭಾಗ) ಎಂಬ ಅಳತೆ ಮತ್ತು ಹೆಸರು ಹಚ್ಚಿದ ಚಿತ್ರ ಸಿಗುತ್ತವೆ. ಇಂಟರ್ನೆಟ್ ಇಲ್ಲದೆ ಸ್ವಂತ ಕಂಪ್ಯೂಟರಿನಲ್ಲಿಯೇ ಈ ಕೆಲಸ ಮಾಡಲು ಅಸ್ಟ್ಯಾಪ್ ಎಂಬ ಉಚಿತ ತಂತ್ರಾಂಶವಿದೆ.

ಇಷ್ಟೆಲ್ಲ ಇದ್ದರೂ ಕೈಯಿಂದ ಗುರುತಿಸುವ ಅಭ್ಯಾಸವನ್ನು ಮೊದಲು ಕಲಿಯಬೇಕೆಂದು ನಾನು ಒತ್ತಿ ಹೇಳುತ್ತೇನೆ. ತಂತ್ರಾಂಶ ಬಳಸುವುದು ನಕ್ಷತ್ರಗಳ ಪಟ್ಟಿಯನ್ನು. ಆ ಪಟ್ಟಿಯಲ್ಲಿ ಗ್ರಹಗಳಿಲ್ಲ, ಧೂಮಕೇತುಗಳಿಲ್ಲ, ಉಪಗ್ರಹಗಳಿಲ್ಲ. ಹೆಸರು ಹಚ್ಚಿದ ಚಿತ್ರದಲ್ಲಿ ಹೆಸರಿಲ್ಲದೆ ಉಳಿದ ಚುಕ್ಕೆಯನ್ನು ಅರ್ಥ ಮಾಡಿಕೊಳ್ಳುವ ಹೊಣೆ ನೋಡುವವರದೇ.

ಏಳನೆಯ ಹೆಜ್ಜೆ: ಗ್ರಹಗಳು ಮತ್ತು ಚಂದ್ರ

ಗ್ರಹಗಳು ಮಿನುಗುವುದಿಲ್ಲ ಎಂಬ ಗುರುತು ಸ್ಥಿರಚಿತ್ರದಲ್ಲಿ ಉಪಯೋಗಕ್ಕೆ ಬಾರದು. ಇಲ್ಲಿಯೂ ಸ್ಥಾನವೇ ಆಧಾರ: ಗ್ರಹಗಳು ಯಾವಾಗಲೂ ಕ್ರಾಂತಿವೃತ್ತದ, ಅಂದರೆ ಆಕಾಶದಲ್ಲಿ ಸೂರ್ಯ ಸಾಗುವ ದಾರಿಯ, ಹತ್ತಿರ, ರಾಶಿಚಕ್ರದ ಪುಂಜಗಳಲ್ಲಿಯೇ ಸುಳಿದಾಡುತ್ತವೆ. ರಾಶಿಚಕ್ರದ ಪುಂಜವೊಂದರಲ್ಲಿ ನಕ್ಷೆಯಲ್ಲಿಲ್ಲದ ಉಜ್ವಲ ಚುಕ್ಕೆ ಕಂಡರೆ ಮೊದಲ ಸಂಶಯ ಗ್ರಹದ ಮೇಲೆಯೇ ಇರಬೇಕು. 2025ರ ಫೆಬ್ರವರಿಯಲ್ಲಿ ಗುರು ವೃಷಭದಲ್ಲಿ ರೋಹಿಣಿಯ ಸಮೀಪವಿತ್ತು, ಮಂಗಳ ಮಿಥುನದಲ್ಲಿ ಪುನರ್ವಸುವಿನ ಜೋಡಿ ನಕ್ಷತ್ರಗಳ ಹತ್ತಿರವಿತ್ತು. ಒಂದು ವರ್ಷದ ನಂತರ ಗುರುವೂ ಮಿಥುನಕ್ಕೆ ಬಂದಿತ್ತು. ಶುಕ್ರ ಸೂರ್ಯನಿಂದ 47 ಡಿಗ್ರಿಗಿಂತ ದೂರ ಹೋಗುವುದಿಲ್ಲ, ಹೀಗಾಗಿ ನಮ್ಮ ನಾಡಿನ ನಡುರಾತ್ರಿಯ ಚಿತ್ರದಲ್ಲಿ ಅದು ಇರಲು ಸಾಧ್ಯವಿಲ್ಲ. ಬುಧನ ಮಿತಿ ಇನ್ನೂ ಕಡಿಮೆ, ಸುಮಾರು 28 ಡಿಗ್ರಿ. 200 ಮಿ.ಮೀ. ಲೆನ್ಸಿನ ಚಿತ್ರದಲ್ಲಿ ಉಜ್ವಲ ಚುಕ್ಕೆಯ ಎರಡೂ ಬದಿಗೆ ಒಂದೇ ಗೆರೆಯಲ್ಲಿ ಸಣ್ಣ ಬಿಂದುಗಳು ಕಂಡರೆ ಅದು ಗುರು ಮತ್ತು ಅದರ ದೊಡ್ಡ ಚಂದ್ರರು.

ಚಿತ್ರದಲ್ಲಿ ಚಂದ್ರನಿದ್ದರೆ ಮನೆಯ ಗೋಡೆಯ ಪಂಚಾಂಗ ಕ್ಯಾಲೆಂಡರ್ ಬಹಳ ಉಪಯುಕ್ತ. ಅದರಲ್ಲಿ ಅಚ್ಚಾಗಿರುವ ಅಂದಿನ ನಕ್ಷತ್ರವೆಂದರೆ ಚಂದ್ರ ಆ ದಿನ ಇರುವ ಭಾಗ. ಪ್ರತಿ ಭಾಗವೂ 13 ಡಿಗ್ರಿ 20 ಮಿನಿಟ್ ಅಗಲವಿರುವುದರಿಂದ, ರೋಹಿಣಿ ಎಂದು ಅಚ್ಚಾದ ದಿನ ಚಂದ್ರ ರೋಹಿಣಿ ನಕ್ಷತ್ರಕ್ಕೆ ಅಂಟಿಕೊಂಡೇ ಇರಬೇಕೆಂದಿಲ್ಲ, ಕೆಲವು ಡಿಗ್ರಿ ಆಚೀಚೆ ಇರಬಹುದು. ದೀರ್ಘ ಎಕ್ಸ್‌ಪೋಶರಿನಲ್ಲಿ ಚಂದ್ರ ಊದಿಕೊಂಡು ದೊಡ್ಡ ಬಿಳಿ ಗೋಳದಂತೆ ಕಾಣುತ್ತಾನೆ. ಅವನ ನಿಜವಾದ ಅಗಲ ಅರ್ಧ ಡಿಗ್ರಿ, ಮೇಲಿನ ಉದಾಹರಣೆಯ ಚಿತ್ರದಲ್ಲಿ ಸುಮಾರು 35 ಪಿಕ್ಸೆಲ್ ಮಾತ್ರ.

ಎಂಟನೆಯ ಹೆಜ್ಜೆ: ಮಬ್ಬು ಕಲೆಗಳು

ಚುಕ್ಕೆಯಂತೆ ಇರದೆ ಮೋಡದ ತುಣುಕಿನಂತೆ ಕಾಣುವ ವಸ್ತುಗಳಲ್ಲಿ ಹೆಚ್ಚಿನವು ಮೆಸ್ಸಿಯೇ ಪಟ್ಟಿ ಎಂಬ ಮಬ್ಬು ವಸ್ತುಗಳ ಪಟ್ಟಿಯ 110 ವಸ್ತುಗಳಲ್ಲಿ ಸೇರಿರುತ್ತವೆ; ಅವುಗಳ ಕ್ರಮಸಂಖ್ಯೆ ಎಂ ಅಕ್ಷರದಿಂದ ಆರಂಭವಾಗುತ್ತದೆ. ಮಹಾವ್ಯಾಧನ ನಡುಪಟ್ಟಿಯ ಕೆಳಗೆ ತೂಗುವ ಖಡ್ಗದ ನಡುವಿನ ಗುಲಾಬಿ ಕಲೆ ಎಂ42, ಸುಮಾರು 1,350 ಜ್ಯೋತಿರ್ವರ್ಷ ದೂರದ ನೀಹಾರಿಕೆ, ಅಂದರೆ ಅನಿಲ ಮತ್ತು ದೂಳಿನ ಮೋಡ. ನವೆಂಬರ್ ಸಂಜೆಯ ಉತ್ತರಾಕಾಶದಲ್ಲಿ ಉದ್ದವಾದ ಮಬ್ಬು ಅಂಡಾಕೃತಿ ಎಂ31, ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡಾ ಗೆಲಾಕ್ಸಿ. ವೃಶ್ಚಿಕದ ಬಾಲದ ಬಳಿ ಎಂ6 ಮತ್ತು ಎಂ7 ಎಂಬ ಎರಡು ತಾರಾಗುಚ್ಛಗಳಿವೆ. ಮೇ ತಿಂಗಳ ರಾತ್ರಿ ಹತ್ತರ ದಕ್ಷಿಣದಲ್ಲಿ ದುಂಡಗಿನ ಮಸುಕು ಚೆಂಡಿನಂತೆ ಕಾಣುವುದು ಒಮೇಗಾ ಸೆಂಟಾರಿ ಗೋಳಗುಚ್ಛ, ಅಂದರೆ ಗೋಳಾಕಾರದಲ್ಲಿ ಒತ್ತಾಗಿ ಸೇರಿದ ನಕ್ಷತ್ರಗಳ ಗುಂಪು. ಯುರೋಪಿನ ಬಹುಭಾಗಕ್ಕೆ ಕಾಣದ ಇದು ಕರ್ನಾಟಕದಿಂದ ಸುಮಾರು 28 ಡಿಗ್ರಿ ಎತ್ತರಕ್ಕೆ ಏರುತ್ತದೆ, ನಮ್ಮ ಚಿತ್ರಗಳಲ್ಲಿ ಇದನ್ನು ತಪ್ಪದೆ ಹುಡುಕಬೇಕು. ಪಟ್ಟಿಯಲ್ಲಿಲ್ಲದ ಮಬ್ಬು ಕಲೆಗೆ ಸೂರ್ಯನ ವಿರುದ್ಧ ದಿಕ್ಕಿಗೆ ಚಾಚಿದ ಬಾಲವಿದ್ದರೆ ಅದು ಧೂಮಕೇತು. 2024ರ ಅಕ್ಟೋಬರಿನಲ್ಲಿ ತ್ಸುಚಿನ್ಶಾನ್–ಅಟ್ಲಾಸ್ ಧೂಮಕೇತು ಹೀಗೆ ಅನೇಕರ ಚಿತ್ರಗಳಲ್ಲಿ ಸಿಕ್ಕಿತು.

ಒಂಬತ್ತನೆಯ ಹೆಜ್ಜೆ: ಗೆರೆಗಳು ಮತ್ತು ಹುಸಿ ಚುಕ್ಕೆಗಳು

ಬಿಟ್ಟು ಬಿಟ್ಟು ಹೊಳೆಯುವ ಬಿಂದುಗಳ ಸಾಲು, ಅದರಲ್ಲೂ ಕೆಂಪು ಹಸಿರು ಬೆಳಕು ಇದ್ದರೆ, ವಿಮಾನ. ಉದ್ದಕ್ಕೂ ಒಂದೇ ದಪ್ಪದ ಗೆರೆ ಉಪಗ್ರಹ. ಅದು ಭೂಮಿಯ ನೆರಳನ್ನು ಹೊಕ್ಕಾಗ ಗೆರೆ ನಡು ಆಕಾಶದಲ್ಲಿಯೇ ಮಸುಕಾಗಿ ನಿಲ್ಲುತ್ತದೆ. ಎರಡೂ ತುದಿ ಸಣ್ಣಗಾಗಿ ನಡುವೆ ದಪ್ಪವಾಗಿ, ಒಂದೇ ಫ್ರೇಮಿನಲ್ಲಿ ಮಾತ್ರ ಕಾಣುವುದು ಉಲ್ಕೆ. ಹೀಗಾಗಿ ಒಂದೇ ದಿಕ್ಕಿಗೆ ಸಾಲಾಗಿ ಹಲವು ಫ್ರೇಮುಗಳನ್ನು ತೆಗೆಯುವ ರೂಢಿ ಗುರುತಿಸುವ ಕೆಲಸಕ್ಕೆ ಬಹಳ ನೆರವಾಗುತ್ತದೆ.

ಬಿಸಿಯಾದ ಸೆನ್ಸರಿನಲ್ಲಿ ತಾವಾಗಿ ಹೊಳೆಯುವ ಹಾಟ್ ಪಿಕ್ಸೆಲ್‌ಗಳು ಕೆಂಪು, ನೀಲಿ, ಹಸಿರು ನಕ್ಷತ್ರಗಳಂತೆ ಮೋಸ ಮಾಡುತ್ತವೆ. ಇಪ್ಪತ್ತು ಸೆಕೆಂಡಿನಲ್ಲಿ ನಿಜವಾದ ನಕ್ಷತ್ರ ನಮ್ಮ ಉದಾಹರಣೆಯ ಚಿತ್ರದಲ್ಲಿ ಸುಮಾರು ಆರು ಪಿಕ್ಸೆಲ್ ಸರಿದು ಚಿಕ್ಕ ಗೆರೆಯಾಗಿರುತ್ತದೆ, ಹಾಟ್ ಪಿಕ್ಸೆಲ್ ಮಾತ್ರ ಚೂಪಾದ ಬಿಂದುವಾಗಿಯೇ ಉಳಿದು ಪ್ರತಿ ಫ್ರೇಮಿನಲ್ಲೂ ಅದೇ ಜಾಗದಲ್ಲಿ ಕಾಣುತ್ತದೆ. ನಕ್ಷತ್ರಗಳೆಲ್ಲ ಸರಿದಿರುವಾಗ ಖಗೋಳ ವಿಷುವದ್ವೃತ್ತದಿಂದ (ಭೂಮಿಯ ಸಮಭಾಜಕ ವೃತ್ತದ ನೇರಕ್ಕೆ ಆಕಾಶದಲ್ಲಿರುವ ವೃತ್ತ) ತುಸು ದಕ್ಷಿಣಕ್ಕೆ ನಿಂತಲ್ಲೇ ನಿಂತ ಚುಕ್ಕೆ ಭೂಸ್ಥಿರ ಉಪಗ್ರಹವೂ ಆಗಿರಬಹುದು. ಬೀದಿದೀಪವೋ ಚಂದ್ರನೋ ಚಿತ್ರದಲ್ಲಿದ್ದರೆ, ಚಿತ್ರದ ಕೇಂದ್ರಕ್ಕೆ ಸರಿಯಾಗಿ ಎದುರು ಬದಿಯಲ್ಲಿ ಅದರದೇ ಮಸುಕು ಪ್ರತಿಬಿಂಬ ಮೂಡಬಹುದು. ಎರಡನ್ನೂ ಸೇರಿಸುವ ಗೆರೆ ಕೇಂದ್ರದ ಮೂಲಕ ಹಾದುಹೋದರೆ ಅದು ಲೆನ್ಸಿನೊಳಗಿನ ಪ್ರತಿಫಲನ.

ಹತ್ತನೆಯ ಹೆಜ್ಜೆ: ಉಳಿದುಹೋದ ಚುಕ್ಕೆ

ಇಷ್ಟೂ ಪರೀಕ್ಷೆಗಳ ನಂತರ ಹೆಸರಿಲ್ಲದ ಚುಕ್ಕೆಯೊಂದು ಎರಡು ಮೂರು ಫ್ರೇಮುಗಳಲ್ಲಿ ನಕ್ಷತ್ರಗಳ ಜೊತೆಯಲ್ಲೇ ಸರಿಯುತ್ತ ಉಳಿದರೆ ಅದರ ನಿರ್ದೇಶಾಂಕಗಳನ್ನು ತೆಗೆದುಕೊಂಡು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಕೇಂದ್ರದ ಸಿಂಬಾದ್ ದತ್ತಸಂಚಯದಲ್ಲಿ ಹುಡುಕಬೇಕು. ಕ್ಷುದ್ರಗ್ರಹವಿರಬಹುದೇ ಎಂಬುದನ್ನು ಮೈನರ್ ಪ್ಲಾನೆಟ್ ಸೆಂಟರಿನ ತಾಣದಲ್ಲಿ ದಿನ ಮತ್ತು ಸಮಯ ಕೊಟ್ಟು ನೋಡಬಹುದು. ಹೊಳಪು ಬದಲಿಸುವ ನಕ್ಷತ್ರಗಳನ್ನೂ ನೆನಪಿಡಬೇಕು: ತಿಮಿಂಗಿಲ ಪುಂಜದ ಮೀರಾ ಸುಮಾರು 332 ದಿನಗಳ ಆವರ್ತದಲ್ಲಿ ಬರಿಗಣ್ಣಿಗೆ ಕಾಣುವಷ್ಟು ಬೆಳಗಿ ಮತ್ತೆ ಮರೆಯಾಗುತ್ತದೆ. ಆರ್ದ್ರಾ 2020ರ ಫೆಬ್ರವರಿಯಲ್ಲಿ ಸುಮಾರು 1.6ರ ಕಾಂತಿಮಾನಕ್ಕೆ ಇಳಿದು ನೆರೆಯ ಬೆಲಾಟ್ರಿಕ್ಸ್‌ಗೆ ಸಮನಾಗಿತ್ತು. ಆ ತಿಂಗಳ ಚಿತ್ರ ನಿಮ್ಮ ಸಂಗ್ರಹದಲ್ಲಿದ್ದರೆ ಇಂದಿನ ಚಿತ್ರದ ಪಕ್ಕದಲ್ಲಿಟ್ಟು ಹೋಲಿಸಿ ನೋಡಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಹೆಸರುಗಳನ್ನು ಮೂಲ ಚಿತ್ರದ ಮೇಲೆ ಎಂದೂ ಬರೆಯಬಾರದು. ಅದರ ನಕಲು ಪ್ರತಿಯ ಮೇಲೆ ಬರೆದು ಮೂಲವನ್ನು ಹಾಗೆಯೇ ಉಳಿಸಬೇಕು. ಅಕ್ಷರಗಳು ನಕ್ಷತ್ರವನ್ನು ಮುಚ್ಚದಂತೆ ಸ್ವಲ್ಪ ದೂರದಲ್ಲಿಟ್ಟು ಸಣ್ಣ ಗೆರೆಯಿಂದ ಜೋಡಿಸಬೇಕು. ಕನ್ನಡದ ಹೆಸರಿನ ಜೊತೆ ಪಟ್ಟಿಯ ಕ್ರಮಸಂಖ್ಯೆಯನ್ನೂ ಬರೆದರೆ ಬೇರೆ ಯಾರಾದರೂ ಪರಿಶೀಲಿಸಲು ಅನುಕೂಲ. ಎರಡು ಸಾಕ್ಷ್ಯಗಳಿಂದ ದೃಢವಾಗದ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಪ್ಲೇಟ್ ಸಾಲ್ವಿಂಗ್‌ನಿಂದ ಬಂದ ನಿರ್ದೇಶಾಂಕಗಳ ಕಡತವನ್ನು ಅದೇ ಫೋಲ್ಡರಿನಲ್ಲಿ ಚಿತ್ರದ ಹೆಸರಿನಲ್ಲಿಯೇ ಉಳಿಸಿಡಬೇಕು.